ಹುಚ್ಚ ಅಂದ್ಬಿಟ್ರೆ ಮುಗೀತಾ?

ಎಲ್ಲರಿಗೂ ನಮಸ್ಕಾರ.

ಎಲ್ಲೋ ಬಾಂಬ್ ಸಿಡೀತು, ಯಾರೋ ಜನರ ಮೇಲೆ ಗುಂಡು ಹಾರಿಸಿದ ಅಂತ ಸುದ್ದಿ ಬಂದ್ರೆ ಸಾಕು, ನಮ್ಮ ಬಾಯಲ್ಲಿ ಮೊದಲು ಬರೋ ಮಾತು ಅವನಿಗೆ ತಲೆ ಕೆಟ್ಟಿದೆ ಅಂತ. ನೀವೂ ಅಂದಿರ್ತೀರಿ. ಅಷ್ಟು ಭೀಕರ ಕೆಲಸನ ತಲೆ ನೆಟ್ಟಗಿರೋನು ಮಾಡ್ತಾನೆ ಅಂದ್ರೆ ಮನಸ್ಸು ಒಪ್ಪಲ್ಲ, ನಿಜ. ಆದ್ರೆ ಮನೋವೈದ್ಯಳಾಗಿ ನಾನು ಇವತ್ತು ಕೇಳ್ಕೊಳ್ಳೋದು ಒಂದೇ ಒಂದು, ಹುಚ್ಚ ಅಂತ ಹೇಳಿ ಕೈ ತೊಳ್ಕೋಬೇಡಿ, ಅವನು ಅಲ್ಲಿಗೆ ಹೇಗೆ ಬಂದ ಅಂತ ಕೇಳಿ.

ಒಂದು ಕೇಸ್ ಹೇಳ್ತೀನಿ. 2011ರ ಜುಲೈ 22, ನಾರ್ವೆ. ಬಲಪಂಥೀಯ ಉಗ್ರ ವಿಚಾರದ ಆಂಡರ್ಸ್ ಬ್ರೇವಿಕ್ ಅನ್ನೋನು ರಾಜಧಾನಿ ಓಸ್ಲೋದಲ್ಲಿ ಸರ್ಕಾರಿ ಕಚೇರಿಗಳ ಹತ್ರ ವ್ಯಾನ್‌ನಲ್ಲಿ ಬಾಂಬ್ ಇಟ್ಟು 8 ಜನರನ್ನ ಕೊಂದ, ಅಲ್ಲಿಂದ ಪೊಲೀಸ್ ವೇಷದಲ್ಲಿ ಊಟೋಯ ದ್ವೀಪಕ್ಕೆ ಹೋಗಿ ಯುವಜನರ ಶಿಬಿರದಲ್ಲಿ 69 ಜನರನ್ನ ಕೊಂದ. ಕೋರ್ಟ್ ಕಳಿಸಿದ ಇಬ್ಬರು ಮನೋವೈದ್ಯರು ಜೈಲಲ್ಲಿ ಅವನ ಜೊತೆ 36 ಗಂಟೆ ಕೂತು, ಇವನಿಗೆ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ಲದ್ದನ್ನ ನಿಜ ಅಂತ ನಂಬೋ ತೀವ್ರ ಮಾನಸಿಕ ಕಾಯಿಲೆ, ಅಂತ ಬರೆದ್ರು. ಯಾಕೆ ಅಂದ್ರೆ ಅವನು ವಿಚಿತ್ರ ವಿಚಿತ್ರ ಪದ ಬಳಸ್ತಿದ್ದ. ನ್ಯಾಷನಲ್ ಡಾರ್ವಿನಿಸ್ಟ್, ಸುಯಿಸೈಡಲ್ ಮಾರ್ಕ್ಸಿಸ್ಟ್ ಅಂತೆಲ್ಲ. ಹೊಸ ಪದ ಹುಟ್ಟಿಸ್ತಾನೆ, ಯಾವುದೋ ಯೋಧರ ಸಂಘದ ಸೇನಾನಿ ನಾನು ಅಂತಾನೆ, ಇದು ಭ್ರಮೆನೇ ಅಂತ ತೀರ್ಮಾನ ಆಯ್ತು. ದೇಶವೆಲ್ಲ ಗಲಾಟೆ ಎದ್ದಿತು. ಆಮೇಲೆ ಅಂಥ ಉಗ್ರ ಗುಂಪುಗಳ ಬಗ್ಗೆ ಗೊತ್ತಿರೋರು ಬಂದು ಹೇಳಿದ್ರು, ಸ್ವಾಮಿ, ಆ ಥರ ಮಾತುಗಳು ಅವನ ತಲೇಲಿ ಹುಟ್ಟಿದ್ದಲ್ಲ, ಇಂಟರ್ನೆಟ್‌ನಲ್ಲಿ ಅಂಥದ್ದೇ ವಿಚಾರದ ಜನ ದಿನಾ ಆಡೋ ಮಾತು ಅಂತ! ಜೈಲಲ್ಲಿ ಕೆಲವು ವಾರ ಹಗಲು ರಾತ್ರಿ ಅವನನ್ನ ಗಮನಿಸಿದೋರಿಗೂ ಸ್ಕಿಜೋಫ್ರೇನಿಯಾ ಕಾಣಲಿಲ್ಲ. ಬೇರೆ ಇಬ್ಬರು ವೈದ್ಯರು 2012ರಲ್ಲಿ ವ್ಯಕ್ತಿತ್ವದಲ್ಲಿ ದೋಷ ಇದೆ, ಆದ್ರೆ ಬುದ್ಧಿ ಸ್ವಾಧೀನದಲ್ಲೇ ಇದೆ ಅಂದ್ರು. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಇವನು ಮಾನಸಿಕ ರೋಗಿ ಅಂತಾರೆ, ಅವನ ಕಡೆ ವಕೀಲರು ನಮ್ಮ ಕಕ್ಷಿಗೆ ಏನೂ ಆಗಿಲ್ಲ ಅಂತಾರೆ, ಎಲ್ಲಾ ತಿರುಗುಮುರುಗು. ಯಾಕಂದ್ರೆ ಹುಚ್ಚ ಅಂದ್ರೆ ತಾನು ನಂಬಿದ್ದಕ್ಕೆಲ್ಲ ಬೆಲೆ ಹೋಯ್ತು ಅಂತ ಅವನಿಗೇ ಅವಮಾನ. ಕೊನೆಗೆ ಆಗಸ್ಟ್ 24ಕ್ಕೆ ಕೋರ್ಟ್ ಅವನು ಹೊಣೆಗಾರ ಅಂತಲೇ ಹೇಳಿ 21 ವರ್ಷ ಹಾಕ್ತು.

ನನ್ನನ್ನ ಕಾಡೋದು ಇದರ ಇನ್ನೊಂದು ತುದಿ. 1983ರಲ್ಲಿ, ಅವನಿಗೆ 4 ವರ್ಷ ಆಗಿದ್ದಾಗ, ಮಕ್ಕಳ ಮನೋವೈದ್ಯ ಕೇಂದ್ರದವರು ಅವನನ್ನ ನೋಡಿ, ಈ ಮಗುವನ್ನ ಬೇರೆ ಮನೇಲಿ ಇಟ್ಟು ಬೆಳೆಸಿ ಅಂತ ಬರೆದುಕೊಟ್ಟಿದ್ರು. ಅದು ಆಗಲೇ ಇಲ್ಲ. ನೋಡಿ, ಬಾಂಬ್ ಆದ್ಮೇಲೆ ಅಷ್ಟು ಗಂಟೆ ಅವನ ತಲೆ ಒಳಗೆ ಹುಡುಕಾಡಿದ್ವಿ, ಆ ಕಾಗದ ಇದ್ದಿದ್ದು ಮೊದಲೇ. ಹಾಗಂತ ಅವನ ತಪ್ಪು ಕಮ್ಮಿ ಆಗಲ್ಲ.

ಈಗ ಬೇಗ ಬೇಗ ಹೇಳ್ತೀನಿ, ಕಥೆನೇ ಅರ್ಧ ಸಮಯ ತಿಂದ್ಬಿಡ್ತು. ಉತ್ತರ ಐರ್ಲೆಂಡ್‌ನಲ್ಲಿ 1974ರಿಂದ 84ರವರೆಗಿನ 106 ಕೊಲೆಗಾರರನ್ನ ಹೋಲಿಸಿ ನೋಡಿದಾಗ, ರಾಜಕೀಯಕ್ಕೆ ಕೊಂದೋರಲ್ಲಿ ಮಾನಸಿಕ ಕಾಯಿಲೆ ಉಳಿದೋರಿಗಿಂತ ಕಮ್ಮಿನೇ ಇತ್ತು. ಉಗ್ರ ಸಂಘಟನೆಗಳು ಗುಟ್ಟು ಉಳಿಸ್ಕೊಳ್ಳೋಕೆ ಆಗದೋನನ್ನ ಹತ್ರ ಸೇರಿಸಲ್ಲ, ಅದೂ ಒಂದು ಕಾರಣ ಇರಬಹುದು. ಸಂಘಟನೆ ಇಲ್ಲದೆ ಒಬ್ಬನೇ ದಾಳಿಗೆ ಹೊರಡೋನು ಬೇರೆ, ಅಂಥ 119 ಜನರನ್ನ ನೋಡಿದ್ರೆ ಸುಮಾರು ಮೂರರಲ್ಲಿ ಒಬ್ಬನಿಗೆ ಮಾನಸಿಕ ತೊಂದರೆ ಇತ್ತು. ಹಾಗಾದ್ರೆ ಉಳಿದ ಇಬ್ಬರು? ಪಶ್ಚಿಮ ಜರ್ಮನಿಯ ಎಡಪಂಥೀಯ ಉಗ್ರರ ಮೇಲೆ 1981ರಲ್ಲಿ ಬಂದ ಅಧ್ಯಯನದಲ್ಲಿ ಕಾಲು ಭಾಗ ಜನ 14 ವರ್ಷದೊಳಗೆ ಅಪ್ಪನನ್ನೋ ಅಮ್ಮನನ್ನೋ ಕಳ್ಕೊಂಡಿದ್ರು. ಇಸ್ರೇಲ್ ಜೈಲುಗಳಲ್ಲಿದ್ದ, ಆತ್ಮಾಹುತಿ ದಾಳಿಗೆ ಹೊರಟು ಸಿಕ್ಕಿಬಿದ್ದ 15 ಜನರಲ್ಲಿ 8 ಜನಕ್ಕೆ ಖಿನ್ನತೆಯ ಲಕ್ಷಣ. ಬಾಂಬ್ ಕಟ್ಟಿಕೊಳ್ಳೋನು ಬೇರೆ, ಕಟ್ಟಿ ಕಳಿಸೋನು ಬೇರೆ, ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚಿದ್ರೆ ಹೇಗೆ?

ಟಿವಿ ಚರ್ಚೆಗಳಲ್ಲಿ ಪ್ರತಿ ಸಲ ಸೈಕೋ, ಸೈಕೋ ಅಂತ ಕೂಗೋದು ಕೇಳಿ ನನಗೆ ಸಾಕಾಗಿದೆ. ಒಂದು ಸಲ ಸ್ಕಿಜೋಫ್ರೇನಿಯಾ ಇರೋ ಹುಡುಗನ ತಾಯಿ ಅಂಥದ್ದೊಂದು ಕಾರ್ಯಕ್ರಮ ನೋಡಿ ಬಂದು, ಮಾತ್ರೆ ಚೀಟಿ ಕೈಯಲ್ಲಿ ಮುದುರುತ್ತಾ, ಡಾಕ್ಟ್ರೇ ನನ್ನ ಮಗನೂ ಹಾಗೆ ಮಾಡ್ತಾನಾ ಅಂತ ಕೇಳಿದ್ರು. ಮನೆ ಬಾಗಿಲು ದಾಟೋಕೇ ಹೆದರೋ ಹುಡುಗ ಅವನು.

ಜೈಲಿನ ವಿಷಯ ಉಳೀತು. ಒಳಗೆ ಹೋದ್ಮೇಲೆ ಒಂಟಿ ಕೋಣೆ, ಯಾರೂ ಮಾತಾಡಲ್ಲ, ನಿದ್ದೆ ಇಲ್ಲ, ಬರುವಾಗ ಇಲ್ಲದ ಕಾಯಿಲೆ ಅಲ್ಲೇ ಶುರು ಆಗ್ಬಹುದು. ಅದಕ್ಕೆ ಚಿಕಿತ್ಸೆ ಕೊಡ್ಲೇಬೇಕು. ಆದ್ರೆ ಮಾತ್ರೆ ಕೊಟ್ರೆ ನಿದ್ದೆ ಬರುತ್ತೆ, ಅವನು ನಂಬಿರೋದು ಹೋಗಲ್ಲ, ಅದಕ್ಕೆ ಕೂತು ಮಾತಾಡೋರು ಬೇಕು, ತಿಂಗಳುಗಟ್ಟಲೆ. ಬ್ರಿಟನ್ ಜೈಲುಗಳಲ್ಲಿ ನೀನು ಯಾರು, ಆ ಗುಂಪು ನಿನಗೆ ಏನು ಕೊಡ್ತು ಅನ್ನೋದರ ಸುತ್ತಾನೇ ಅಂಥ ಮಾತುಕತೆ ನಡೆಸ್ತಾರೆ.

ಜೈಲು ಸಿಬ್ಬಂದಿ ಯಾರಾದ್ರೂ ಕೇಳ್ತಿದ್ರೆ ನಿಮಗೊಂದು ಮಾತು. ಅಂಥ ಕೈದಿಯನ್ನ ನೋಡೋಕೆ ಯಾರು ಬರ್ತಾರೆ, ಯಾರು ಬರೋದು ನಿಲ್ಲಿಸಿದ್ರು ಅಂತ ಬರೆದಿಡಿ. ಬಿಡುಗಡೆ ದಿನ ಗೇಟ್ ಹೊರಗೆ ಕಾಯ್ತಾ ನಿಂತಿರೋದು ಅವನ ತಂಗಿನಾ, ಹಳೇ ಸಂಗಡಿಗನಾ ಅಂತ ಇವತ್ತೇ ವಿಚಾರಿಸಿ.

ನಮಸ್ಕಾರ.