ಕಿತ್ತಳೆ ಕಾಳಗದ ಊರು: ಇಟಲಿಯ ಇವ್ರೇಯಾ ಕಾರ್ನಿವಲ್

[ದೃಶ್ಯ: ಜನ ಕಿಕ್ಕಿರಿದ ಚೌಕ, ಕುದುರೆ ಗಾಡಿಯೊಂದು ಒಳಬರುತ್ತಿದ್ದಂತೆ ಎಲ್ಲ ಕಡೆಯಿಂದ ಕಿತ್ತಳೆಗಳ ಸುರಿಮಳೆ.]

ಇಟಲಿಯ ವಾಯವ್ಯ ಭಾಗದ ಪಿಯೆಮೊಂಟೆ ಪ್ರಾಂತದಲ್ಲಿ, ಡೋರಾ ಬಾಲ್ಟೇಯಾ ನದಿಯ ದಡದಲ್ಲಿರುವ ಇವ್ರೇಯಾ ಒಂದು ಪುಟ್ಟ ಪಟ್ಟಣ. 1908ರಲ್ಲಿ ಒಲಿವೆಟ್ಟಿ ಟೈಪ್‌ರೈಟರ್ ಕಂಪನಿ ಹುಟ್ಟಿದ್ದು ಇಲ್ಲಿಯೇ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಆರಂಭವಾಗುವ ಮೊದಲು, ಭಾನುವಾರದಿಂದ ಮಂಗಳವಾರದವರೆಗೆ, ಈ ಊರಿನ ಚೌಕಗಳಲ್ಲಿ ಜನರು ಕಿತ್ತಳೆ ಹಣ್ಣುಗಳಿಂದ ಪರಸ್ಪರ ಹೊಡೆದಾಡುತ್ತಾರೆ. ಮೇಲ್ನೋಟಕ್ಕೆ ಹುಡುಗಾಟದಂತೆ ಕಾಣುವ ಇದು ನಿಜವಾಗಿ ಒಂದು ದಂಗೆಯ ಅಭಿನಯ. ಅದೂ ಹಲವು ಶತಮಾನಗಳ ವೇಷಗಳನ್ನು ಒಂದರ ಮೇಲೊಂದು ತೊಟ್ಟ ಅಭಿನಯ.

ಊರಿನವರು ಹೇಳುವ ಕಥೆ ಹೀಗಿದೆ. ಮಧ್ಯಯುಗದಲ್ಲಿ ಇವ್ರೇಯಾವನ್ನು ಆಳುತ್ತಿದ್ದ ಕ್ರೂರ ಪಾಳೆಗಾರನೊಬ್ಬ, ಮದುವೆಯಾಗುವ ಪ್ರತಿಯೊಬ್ಬ ಹೆಣ್ಣೂ ಮೊದಲ ರಾತ್ರಿಯನ್ನು ತನ್ನ ಕೋಟೆಯಲ್ಲಿಯೇ ಕಳೆಯಬೇಕೆಂದು ಕಟ್ಟಳೆ ಮಾಡಿದ್ದನು. ಹಿಟ್ಟಿನ ಗಿರಣಿಯವನ ಮಗಳು ವಿಯೊಲೆಟ್ಟಾ, ಬಟ್ಟೆಯಲ್ಲಿ ಕಠಾರಿಯನ್ನು ಅಡಗಿಸಿಕೊಂಡು ಕೋಟೆಗೆ ಹೋಗಿ, ಅವನ ರುಂಡವನ್ನು ಕತ್ತರಿಸಿ ಜನರಿಗೆ ತೋರಿಸಿದಳು. ರೊಚ್ಚಿಗೆದ್ದ ಜನ ಕೋಟೆಗೆ ಬೆಂಕಿಯಿಟ್ಟರು. ರಾನಿಯೇರಿ ದಿ ಬಿಯಾಂದ್ರಾತೆ ಎಂಬ ಒಡೆಯನ ವಿರುದ್ಧ 1194ರಲ್ಲಿ ಜನರು ದಂಗೆಯೆದ್ದು ಅವನ ಕೋಟೆಯನ್ನು ಕೆಡವಿದ್ದು ಇತಿಹಾಸ. ವಿಯೊಲೆಟ್ಟಾ ಮಾತ್ರ ದಂತಕಥೆಯ ಹೆಣ್ಣು.

[ದೃಶ್ಯ: ಬಿಳಿ ಉಡುಪಿನ ಗಿರಣಿಯವಳು ರಥದಿಂದ ಸಿಹಿತಿಂಡಿ ಎಸೆಯುತ್ತಿದ್ದಾಳೆ.]

ಈ ನಾಯಕಿ ಕಾರ್ನಿವಲ್‌ಗೆ ಬಂದದ್ದೂ ತಡವಾಗಿಯೇ. ಹಿಂದೆ ಊರಿನ ಪ್ರತಿಯೊಂದು ಕೇರಿಯೂ ತನ್ನದೇ ಕಾರ್ನಿವಲ್ ನಡೆಸುತ್ತಿತ್ತು, ಕೇರಿಗಳ ನಡುವೆ ಜಗಳಗಳೂ ಆಗುತ್ತಿದ್ದವು. ನೆಪೋಲಿಯನ್ನನ ಆಳ್ವಿಕೆಯಲ್ಲಿದ್ದ ಆ ದಿನಗಳಲ್ಲಿ, 1808ರಲ್ಲಿ, ಎಲ್ಲವನ್ನೂ ಒಂದುಗೂಡಿಸಿ ಶಿಸ್ತು ಕಾಪಾಡಲು ‘ಜನರಲ್’ ಎಂಬ ಪದವಿಯನ್ನು ಸೃಷ್ಟಿಸಲಾಯಿತು. ಇಟಲಿಯ ಏಕೀಕರಣದ ಹುಮ್ಮಸ್ಸು ಏರುತ್ತಿದ್ದ 1858ರಲ್ಲಿ ಗಿರಣಿಯವಳು, ಅಂದರೆ ‘ಮುನ್ಯಾಯಾ’, ಮೆರವಣಿಗೆಯ ನಾಯಕಿಯಾದಳು. ಆದ್ದರಿಂದಲೇ ಮಧ್ಯಯುಗದ ಹೆಣ್ಣಿಗೆ ನೆಪೋಲಿಯನ್ ಕಾಲದ ಸಮವಸ್ತ್ರ ತೊಟ್ಟ ಸೇನಾನಿ ಬೆಂಗಾವಲಾಗಿರುವ ವಿಚಿತ್ರ ದೃಶ್ಯವನ್ನು ಇಲ್ಲಿ ಕಾಣಬಹುದು. ಊರಿನವರು ಇದನ್ನು ತಿದ್ದಲು ಹೋಗಿಲ್ಲ, ತಿದ್ದದಿರುವುದೇ ಒಳ್ಳೆಯದು. ಹಳೆಯ ಕೇರಿಗಳ ನೆನಪಾಗಿ ಉಳಿದಿರುವವರು ‘ಅಬ್ಬಾ’ ಎಂದು ಕರೆಸಿಕೊಳ್ಳುವ ಮಕ್ಕಳು. ಅವರು ಹಿಡಿದ ಪುಟ್ಟ ಕತ್ತಿಯ ತುದಿಗೆ ಒಂದು ಕಿತ್ತಳೆಯನ್ನು ಚುಚ್ಚಿರುತ್ತಾರೆ. ಅದು ಪಾಳೆಗಾರನ ತಲೆ!

ಇನ್ನು ಕಾಳಗದ ವಿಷಯಕ್ಕೆ ಬರೋಣ. ಕುದುರೆ ಗಾಡಿಗಳ ಮೇಲೆ ನಿಂತವರು ಪಾಳೆಗಾರನ ಕಾವಲುಪಡೆ. ಅವರ ಮೈಗೆ ದಪ್ಪನೆಯ ಮೆತ್ತೆಯ ಕವಚ, ಮುಖಕ್ಕೆ ತೊಗಲಿನ ಮುಖವಾಡ. ನೆಲದ ಮೇಲೆ ನಿಂತು ಹೋರಾಡುವವರು ದಂಗೆಯೆದ್ದ ಜನ. ಒಂಬತ್ತು ತಂಡಗಳಲ್ಲಿ ಹಂಚಿಹೋಗಿರುವ ಇವರಿಗೆ ಯಾವ ರಕ್ಷಣೆಯೂ ಇಲ್ಲ. ಗಾಡಿ ಚೌಕಕ್ಕೆ ಬಂದೊಡನೆ ಅವರು ಹೆಗಲ ಚೀಲದಿಂದ ಹಣ್ಣು ತೆಗೆದು, ಗಾಡಿಯ ಪಕ್ಕಕ್ಕೇ ನುಗ್ಗಿ, ಮುಖವಾಡದ ಕಣ್ಣಿಗೆ ಗುರಿಯಿಟ್ಟು ಬೀಸುತ್ತಾರೆ. ಮೇಲಿನವರು ಎರಡೂ ಕೈಗಳಿಂದ ಉತ್ತರ ಕೊಡುತ್ತಾರೆ. ಕುದುರೆಗೆ ಗುರಿಯಿಡುವುದು ನಿಷಿದ್ಧ. ಕೆಲವು ನಿಮಿಷಗಳಲ್ಲಿ ಆ ಗಾಡಿ ಹೊರಟು ಇನ್ನೊಂದು ಬರುತ್ತದೆ. ಚೆನ್ನಾಗಿ ಕಾದಾಡಿದ ಎದುರಾಳಿಗಳು ಕೈಕುಲುಕಿ ಬೀಳ್ಕೊಳ್ಳುವುದೂ ಉಂಟು. ಮೂಗು ಒಡೆಯುವುದು, ಕಣ್ಣು ಊದುವುದು ಇಲ್ಲಿ ಸಾಮಾನ್ಯ. ಸಂಜೆಯ ಹೊತ್ತಿಗೆ ರಸ್ತೆಯ ಮೇಲೆ ತಿರುಳು, ಸಿಪ್ಪೆ, ಕುದುರೆ ಲದ್ದಿ ಬೆರೆತ ಜಾರುವ ಕೆಸರು ನಿಂತಿರುತ್ತದೆ.

[ದೃಶ್ಯ: ಬಲೆಯ ಹಿಂದೆ ನಿಂತ ಪ್ರೇಕ್ಷಕರು, ಎಲ್ಲರ ತಲೆಯ ಮೇಲೂ ಕೆಂಪು ಟೋಪಿ.]

ಪ್ರೇಕ್ಷಕರು ಬಲೆಯ ಹಿಂದೆ ನಿಲ್ಲಬಹುದು. ಫ್ರೆಂಚ್ ಕ್ರಾಂತಿಯ ಸಂಕೇತವಾಗಿದ್ದ ಕೆಂಪು ಟೋಪಿಯನ್ನು ಧರಿಸಿದವರು ತಾವೂ ದಂಗೆಯ ಪರ ಎಂದು ಸಾರಿದಂತೆ. ಬರಿದಲೆಯಲ್ಲಿ ಓಡಾಡುವವರು ಏಟಿಗೆ ಸಿದ್ಧರಾಗಿಯೇ ಇರಬೇಕು. ಇಷ್ಟು ಹಣ್ಣು ವ್ಯರ್ಥವಾಗುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ದಕ್ಷಿಣ ಇಟಲಿಯಿಂದ ಬರುವ ಇವು ಮಾರುಕಟ್ಟೆಗೆ ಸಲ್ಲದ ಹಣ್ಣುಗಳೆಂದೂ, ಉಳಿದ ಸಿಪ್ಪೆ ಗೊಬ್ಬರವಾಗುತ್ತದೆಂದೂ ಊರಿನವರು ಸಮರ್ಥಿಸಿಕೊಳ್ಳುತ್ತಾರೆ. ಈ ಉತ್ತರ ಎಲ್ಲರಿಗೂ ಸಮಾಧಾನ ತರಲಾರದು.

ಮಂಗಳವಾರ ರಾತ್ರಿ ಒಣ ಪೊದೆಗಳನ್ನು ಸುತ್ತಿದ ಎತ್ತರದ ಕಂಬಗಳಿಗೆ ಬೆಂಕಿ ಹಚ್ಚಲಾಗುತ್ತದೆ. ಬಳಿಕ ಜನರಲ್ ತನ್ನ ಕತ್ತಿಯನ್ನು ನೆಲಕ್ಕೆ ಎಳೆಯುತ್ತ ನಡೆಯುತ್ತಾನೆ, ಜನರು ಮುಂದಿನ ವರ್ಷದ ‘ಗುರುವಾರ ಒಂದು ಗಂಟೆಗೆ’ ಮತ್ತೆ ಸಿಗೋಣವೆಂದು ಪಿಯೆಮೊಂಟೆಯ ಮಾತಿನಲ್ಲಿ ಬೀಳ್ಕೊಳ್ಳುತ್ತಾರೆ. ಮರುದಿನ ವಿಭೂತಿ ಬುಧವಾರ, ಅಂದರೆ ತಪಸ್ಸು ಕಾಲದ ಮೊದಲ ದಿನ. ಅಂದು ಬೋರ್ಗೆತ್ತೋ ಎಂಬ ಕೇರಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಮತ್ತು ಕಾಡ್ ಮೀನನ್ನು ಜನರಿಗೆ ಬಡಿಸಲಾಗುತ್ತದೆ.