ಗಿರಣಿ ಗಡಿಯಾರ

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ‘ಕೈಗಾರಿಕಾ ಕ್ರಾಂತಿ: ಕಾರಣಗಳು ಮತ್ತು ಪರಿಣಾಮಗಳು’ ಎಂದು ಅಚ್ಚು ಹಾಕಿಸಿದ್ದಾರೆ. ಇದು ಹತ್ತು ಮಾರ್ಕಿನ ಪ್ರಶ್ನೆ. ಉತ್ತರ ನಿಮಗೆಲ್ಲ ಬಾಯಿಪಾಠ. ಕಲ್ಲಿದ್ದಲು, ಕಬ್ಬಿಣ, ಜೇಮ್ಸ್ ವ್ಯಾಟ್, ವಸಾಹತುಗಳು, ಮುಗಿಯಿತು. ಅದನ್ನೇ ಮತ್ತೆ ಒಪ್ಪಿಸಲು ನಾನು ಬಂದಿಲ್ಲ.

ಈಚೆಗೆ ನಮ್ಮಲ್ಲಿ ಕೆಲಸದ ಗಂಟೆಯದೇ ಮಾತು. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆ ತಿದ್ದಿ, ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ವಾರಕ್ಕೆ 70 ಗಂಟೆ ದುಡಿಯಿರಿ ಎಂದರು ದೊಡ್ಡವರೊಬ್ಬರು. ಆಮೇಲೆ ಇನ್ನೊಬ್ಬರು 90 ಎಂದರು. ಹರಾಜು ಕೂಗಿದ ಹಾಗೆ! ಇದನ್ನು ಕೇಳಿದಾಗೆಲ್ಲ ನನಗೆ ಇಂಗ್ಲೆಂಡಿನ ಲ್ಯಾಂಕಶೈರ್, ಯಾರ್ಕಶೈರ್‌ಗಳ ಹಳೆಯ ಬಟ್ಟೆ ಗಿರಣಿಗಳು ನೆನಪಾಗುತ್ತವೆ. ನನ್ನ ವಾದ ಒಂದೇ. ಗಿರಣಿ ಬಂದಾಗ ಜನ ಮೊದಲು ಕಳೆದುಕೊಂಡದ್ದು ತಮ್ಮ ಹೊತ್ತನ್ನು. ಮಗ್ಗ ಹೋದದ್ದು ಆಮೇಲೆ.

ಕಾರಣಗಳನ್ನು ಬಿಟ್ಟರೆ ಮೇಷ್ಟ್ರುಗಳು ಬಿಡುವುದಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಕಥೆ ಶುರುವಾಗುವುದು ನಮ್ಮ ಬಟ್ಟೆಯಿಂದ. ಇಲ್ಲಿಂದ ಹೋದ ಬಣ್ಣದ ಚೀಟಿ ಬಟ್ಟೆಗೆ ಲಂಡನ್ನಿನ ಹೆಂಗಸರು ಮರುಳಾಗಿದ್ದರು. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರಿಗೆ ಹೊಟ್ಟೆಗೆ ಹೊಡೆತ. 1700ರಲ್ಲಿ ಅಚ್ಚಿನ ಬಟ್ಟೆಯ ಆಮದು ನಿಲ್ಲಿಸಲು ಕಾಯ್ದೆ ಬಂತು. ಅದು ಸಾಲದೆ 1719ರಲ್ಲಿ ಲಂಡನ್ನಿನ ನೇಕಾರರು, ಹತ್ತಿ ಬಟ್ಟೆ ಉಟ್ಟ ಹೆಂಗಸರನ್ನು ಬೀದಿಯಲ್ಲಿ ಹಿಡಿದು ಬಟ್ಟೆ ಹರಿದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ಉಡುವುದಕ್ಕೇ ನಿಷೇಧ. ಆದರೆ ಉಟ್ಟು ರುಚಿ ಹತ್ತಿತ್ತಲ್ಲ. ಅಂಥ ಬಟ್ಟೆಯನ್ನು ತಾವೇ ಮಾಡಿದರೆ ಹಣವೋ ಹಣ ಎಂಬುದು ವ್ಯಾಪಾರಿಗಳಿಗೆ ಹೊಳೆಯಿತು.

ಹಾಗಾದರೆ ಯಂತ್ರ ಅಲ್ಲೇ ಯಾಕೆ ಹುಟ್ಟಿತು? ಅವರು ಜಾಣರು, ನಾವು ದಡ್ಡರು ಎನ್ನುವ ಉತ್ತರ ಸುಮ್ನೆ ಹೇಳುವಂಥದ್ದು. ಇಂಗ್ಲೆಂಡಿನಲ್ಲಿ ಕೂಲಿ ಜಾಸ್ತಿ, ಕಲ್ಲಿದ್ದಲು ಅಗ್ಗ. ಇಲ್ಲಿ ನೂಲುವವಳ ಕೂಲಿ ತೀರಾ ಕಡಿಮೆ. ನಾಲ್ಕು ಜನರ ಕೆಲಸ ಮಾಡುವ ಯಂತ್ರ ಅಲ್ಲಿ ಲಾಭ, ಇಲ್ಲಿ ನಷ್ಟ. ಲೆಕ್ಕ ಇಷ್ಟೇ. 1760ರ ದಶಕದಲ್ಲಿ ಹಾರ್‌ಗ್ರೀವ್ಸ್‌ನ ಜೆನ್ನಿ, 1769ರಲ್ಲಿ ಆರ್ಕ್‌ರೈಟ್‌ನ ನೀರಿನ ರಾಟೆ, 1779ರಲ್ಲಿ ಕ್ರಾಂಪ್ಟನ್‌ನ ಮ್ಯೂಲ್, ಮೂರೂ ನೂಲುವ ಯಂತ್ರಗಳೇ. ಹತ್ತಿ ಬೆಳೆದವರು ಮಾತ್ರ ಕೆರಿಬಿಯನ್ ದ್ವೀಪಗಳ, ಆಮೇಲೆ ಅಮೆರಿಕದ ದಕ್ಷಿಣದ ಗುಲಾಮರು. ಲಾಭದ ಲೆಕ್ಕ ಬರೆಯುವಾಗ ಆ ಸಾಲನ್ನು ಅಳಿಸಬಾರದು.

ಈಗ ಹೊತ್ತಿನ ಮಾತು. ಗಿರಣಿ ಬರುವ ಮುಂಚೆ ನೇಕಾರ ಮನೆಯಲ್ಲೇ ನೇಯುತ್ತಿದ್ದ. ಬಡತನ ಇತ್ತು, ಆ ಬದುಕು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಹೆಂಡತಿ ಮಕ್ಕಳೂ ಅಲ್ಲಿ ದುಡಿಯಬೇಕಿತ್ತು. ಆದರೆ ಯಾವಾಗ ಏಳಬೇಕು, ಯಾವಾಗ ಕೈ ತೊಳೆಯಬೇಕು ಎಂಬುದು ಅವನ ಕೈಯಲ್ಲಿತ್ತು. ಭಾನುವಾರ ಕುಡಿದದ್ದು ಇಳಿಯಬೇಕಲ್ಲ, ಸೋಮವಾರವೂ ರಜೆ ಹಾಕುತ್ತಿದ್ದ. ಆ ರಜೆಗೆ ‘ಸಂತ ಸೋಮವಾರ’ ಎಂದು ಹೆಸರೇ ಇತ್ತು! ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತು ಕಟ್ಟುವುದಿಲ್ಲ, ಬಸವಣ್ಣನ ವಾರ. ಇಂಗ್ಲೆಂಡಿನಲ್ಲಿ ಎತ್ತಿಗೆ ಇತ್ತೋ ಇಲ್ಲವೋ, ನೇಕಾರನಿಗಂತೂ ಇತ್ತು.

1771ರಲ್ಲಿ ಡರ್ಬಿಶೈರಿನ ಕ್ರಾಮ್‌ಫರ್ಡ್‌ನಲ್ಲಿ ಗಿರಣಿ ಕಟ್ಟಿಸಿದ ರಿಚರ್ಡ್ ಆರ್ಕ್‌ರೈಟ್ ಮೊದಲು ಕ್ಷೌರಿಕ, ವಿಗ್ಗು ಮಾಡಿ ಮಾರುತ್ತಿದ್ದವನು. ಅಲ್ಲಿ ಉಗಿ ಯಂತ್ರ ಇರಲಿಲ್ಲ, ಚಕ್ರ ತಿರುಗಿದ್ದು ನೀರಿನಿಂದ. ನಮ್ಮ ಗೋಕಾಕ ಗಿರಣಿಯೂ 1880ರ ದಶಕದಲ್ಲಿ ಜಲಪಾತದ ನೀರಿನ ಬಲದಿಂದ ನಡೆದದ್ದೇ. ಹಾಗಾಗಿ ಉಗಿಯಿಂದಲೇ ಎಲ್ಲ ಶುರುವಾಯಿತು ಅಂತ ಬರೆದವರ ಅರ್ಧ ಮಾರ್ಕು ನಾನಾದರೆ ಕತ್ತರಿಸುತ್ತೇನೆ. ಕ್ರಾಮ್‌ಫರ್ಡ್‌ನ ನಿಜವಾದ ಹೊಸತನ ಪಾಳಿ. 12 ಗಂಟೆಗೊಂದು ಪಾಳಿ, ಹಗಲು ರಾತ್ರಿ. ಗಂಟೆ ಹೊಡೆದರೆ ಒಳಗಿರಬೇಕು. ಇಂಥದ್ದಕ್ಕೆ ಹೊತ್ತಿನ ಒಡೆಯನಾಗಿದ್ದ ಗಂಡಸು ಬರುತ್ತಾನೆಯೇ? ಅದಕ್ಕೇ ಆರ್ಕ್‌ರೈಟ್ ದೊಡ್ಡ ಸಂಸಾರದ ನೇಕಾರರು ಬೇಕು ಎಂದು ಜಾಹೀರಾತು ಕೊಟ್ಟ. ಅಪ್ಪ ಮನೆಯಲ್ಲಿ ನೇಯಲಿ, ಮಕ್ಕಳು ಗಿರಣಿಗೆ ಬರಲಿ. ಮಕ್ಕಳ ಕೂಲಿ ಕಡಿಮೆ, ಹೆದರಿಕೆ ಜಾಸ್ತಿ.

ಈ ಮಕ್ಕಳಲ್ಲಿ ಒಬ್ಬಳ ಮಾತು ದಾಖಲೆಯಲ್ಲಿದೆ. 1832ರಲ್ಲಿ ಸ್ಯಾಡ್ಲರ್ ಎಂಬ ಸಂಸದನ ಸಮಿತಿಯ ಮುಂದೆ ಲೀಡ್ಸ್‌ನ ಎಲಿಜಬೆತ್ ಬೆಂಟ್ಲಿ ಸಾಕ್ಷಿ ಹೇಳಿದಳು. ವಯಸ್ಸು 23. ಆರನೇ ವಯಸ್ಸಿಗೇ ಅಗಸೆ ನಾರಿನ ಗಿರಣಿಗೆ ಹೋದವಳು. ಕೆಲಸ ಜೋರಿದ್ದಾಗ ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ. ಮಧ್ಯಾಹ್ನ ಊಟಕ್ಕೆ 40 ನಿಮಿಷ. ತಡವಾದರೆ, ಕೈ ನಿಧಾನವಾದರೆ ಚರ್ಮದ ಪಟ್ಟಿಯ ಏಟು. ಸಮಿತಿ ಕೇಳುತ್ತದೆ, ಮನೆಯಲ್ಲಿ ಗಡಿಯಾರ ಇತ್ತೇ? ಇಲ್ಲ. ಮತ್ತೆ ಹೊತ್ತಿಗೆ ಸರಿಯಾಗಿ ಹೇಗೆ ಹೋಗುತ್ತಿದ್ದೆ? ಅವಳ ಉತ್ತರ ಕೇಳಿ. ಗಣಿ ಕೆಲಸದವರು ನಸುಕಿನ ಮೂರು ನಾಲ್ಕಕ್ಕೆ ಬೀದಿಯಲ್ಲಿ ಹೋಗುತ್ತಿದ್ದರು. ಅವರ ಸದ್ದು ಕೇಳಿದರೆ ಅವ್ವ ಬೆಚ್ಚಗಿನ ಹಾಸಿಗೆ ಬಿಟ್ಟು ಹೊರಗೆ ಹೋಗಿ, ಗಂಟೆ ಎಷ್ಟಾಯಿತು ಎಂದು ಕೇಳಿ ಬರುತ್ತಿದ್ದಳು. ಕೆಲವೊಮ್ಮೆ ಲೆಕ್ಕ ತಪ್ಪಿ ಹುಡುಗಿ ರಾತ್ರಿ 2 ಗಂಟೆಗೇ ಹೊರಟಿದ್ದಾಳೆ. ಧೋ ಎಂದು ಮಳೆ. ಗಿರಣಿಯ ಬಾಗಿಲು ತೆಗೆಯುವ ತನಕ ಕಾಯಬೇಕು.

ಗಿರಣಿಯಲ್ಲಿ ಗಡಿಯಾರ ಇದೆ, ದುಡಿಯುವವರ ಮನೆಯಲ್ಲಿ ಇಲ್ಲ. ಇಡೀ ಉಪನ್ಯಾಸ ಇಲ್ಲೇ ಮುಗಿಸಬಹುದು. ಆದರೆ ಗೌರವಧನ ಕೊಡುತ್ತಾರಂತೆ, ಇನ್ನಷ್ಟು ಮಾತಾಡಬೇಕು. (ನಗು)

ಸಮಿತಿ ಒಂದೇ ಕಡೆಯವರ ಮಾತು ಕೇಳಿತು ಎಂದು ಮಾಲೀಕರು ದೂರಿದರು. ಇರಬಹುದು. ಆದರೆ ಮ್ಯಾಕಲ್ಸ್‌ಫೀಲ್ಡ್‌ನ ಒಂದು ರೇಷ್ಮೆ ಗಿರಣಿಯಲ್ಲಿದ್ದ 1810ರ ಗಡಿಯಾರ ಇವತ್ತಿಗೂ ಇದೆ. ಅದಕ್ಕೆ ಎರಡು ಮುಖ. ಒಂದು ಊರಿನ ಹೊತ್ತು ತೋರಿಸುತ್ತದೆ. ಇನ್ನೊಂದು ಗಿರಣಿಯ ಹೊತ್ತು, ಅದನ್ನು ನೀರಿನ ಚಕ್ರಕ್ಕೆ ಜೋಡಿಸಿದ್ದಾರೆ. ನೀರು ಕಡಿಮೆಯಾಗಿ ಚಕ್ರ ನಿಧಾನವಾದರೆ ಗಿರಣಿಯ ಹೊತ್ತೂ ನಿಧಾನ. ಹೊರಗೆ ಏಳು ಗಂಟೆಯಾದರೂ ಒಳಗೆ ಇನ್ನೂ ಆರೂವರೆ. ದುಡಿಯಿರಿ! ಮಳೆ ಬಾರದ್ದಕ್ಕೂ ಕೂಲಿಯವನೇ ದಂಡ ಕಟ್ಟಬೇಕು. ಬೇರೆ ಕಡೆ ಬೆಳಿಗ್ಗೆ ಮುಳ್ಳು ಮುಂದೆ, ಸಂಜೆ ಹಿಂದೆ ಸರಿಸುತ್ತಾರೆ ಎಂಬ ದೂರು ಇತ್ತು. ಆಮೇಲೆ ಬೀದಿಯಲ್ಲಿ ಉದ್ದನೆಯ ಕೋಲು ಹಿಡಿದು, ಮಾಳಿಗೆಯ ಕಿಟಕಿ ಬಡಿದು ಎಬ್ಬಿಸುವವರೇ ಹುಟ್ಟಿಕೊಂಡರು. ಅದಕ್ಕೆ ದುಡಿಯುವವರೇ ವಾರಕ್ಕಿಷ್ಟು ಪೆನ್ನಿ ಕೊಡಬೇಕು. ತಮ್ಮ ನಿದ್ದೆ ಕೆಡಿಸಲು ತಮ್ಮದೇ ದುಡ್ಡು.

ಚೀಟಿ ಬಂತು, ಹತ್ತು ನಿಮಿಷ ಇದೆಯಂತೆ. ಬೇಗ ಬೇಗ ಹೇಳುತ್ತೇನೆ.

ಊರುಗಳು ಉಬ್ಬಿದವು. ಮ್ಯಾಂಚೆಸ್ಟರ್ 1801ರಲ್ಲಿ ಸುಮಾರು 70 ಸಾವಿರ, 1851ರಲ್ಲಿ 3 ಲಕ್ಷ. ಚರಂಡಿಯಿಲ್ಲ, ನೀರಿಲ್ಲ. ಚಾಡ್ವಿಕ್ ಎಂಬ ಅಧಿಕಾರಿಯ 1842ರ ವರದಿಯ ಪ್ರಕಾರ ಅಲ್ಲಿನ ಕೂಲಿಯವರು ಸಾಯುವ ಸರಾಸರಿ ವಯಸ್ಸು 17. ಹಳ್ಳಿಗಾಡಾದ ರಟ್‌ಲೆಂಡ್‌ನಲ್ಲಿ 38. ಎಲ್ಲರೂ 17ಕ್ಕೇ ಸತ್ತರು ಅಂತ ಬರೆಯಬೇಡಿ, ಎಳೆಗೂಸುಗಳ ಸಾವು ಸರಾಸರಿಯನ್ನು ಕೆಳಗೆಳೆದಿತ್ತು. ಯಂತ್ರ ಒಡೆದ ಲುಡ್ಡೈಟರು 1811ರಲ್ಲಿ ಎದ್ದರು. ಮರುವರ್ಷವೇ ಮಗ್ಗ ಒಡೆದರೆ ಗಲ್ಲು ಎಂಬ ಕಾಯ್ದೆ. ಕವಿ ಬೈರನ್ ಲಾರ್ಡ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿ ತನ್ನ ಮೊದಲ ಭಾಷಣ ಮಾಡಿದ. ಅದರ ಬಗ್ಗೆ ಹೇಳುವುದು ಬಹಳ ಇತ್ತು, ಇರಲಿ.

ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ಮಾತ್ರ ಬಿಡುವ ಹಾಗಿಲ್ಲ. ಬಟ್ಟೆ ಗಿರಣಿಗಳಲ್ಲಿ ಒಂಬತ್ತರ ಕೆಳಗಿನ ಮಕ್ಕಳು ಬೇಡ. ಒಂಬತ್ತರಿಂದ ಹದಿಮೂರರೊಳಗಿನ ಮಕ್ಕಳಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿ ದೊಡ್ಡವರಿಗೆ ವಾರಕ್ಕೆ ಎಷ್ಟು ಗಂಟೆ ಹೇಳಿ? ಅದೇ 48. ಈಗ ಅದೂ ಕಡಿಮೆ ಎನ್ನುತ್ತಿದ್ದಾರೆ, ಅಲ್ವಾ?

ಕೊನೆಗೆ ನಮ್ಮ ಕಡೆಯ ಒಂದು ಮಾತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರಿಗೆ ಹತ್ತಿ ನಿಂತಾಗ, ಧಾರವಾಡದ ಹತ್ತಿಗೆ ಬೆಲೆ ಬಂತು, ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕು ಎಂದು ಮ್ಯಾಂಚೆಸ್ಟರಿನವರು ಒತ್ತಾಯಿಸಿದರು. ಮುಂದೆ ಇಲ್ಲಿಯೇ ಗಿರಣಿಗಳು ಎದ್ದಾಗ, ಭಾರತದ ಕಾರ್ಮಿಕರ ಮೇಲೆ ಲ್ಯಾಂಕಶೈರಿನ ಮಾಲೀಕರಿಗೆ ಎಲ್ಲಿಲ್ಲದ ಕರುಣೆ ಹುಟ್ಟಿತು. ಇಲ್ಲಿಯೂ ಕಾಯ್ದೆ ತನ್ನಿ ಎಂದರು. ಪೈಪೋಟಿಯವರ ಖರ್ಚು ಏರಲಿ ಎಂಬ ಕರುಣೆ ಅದು. 1881ರಲ್ಲಿ ಕಾಯ್ದೆ ಬಂತು. ಏಳರ ಕೆಳಗಿನವರು ಬೇಡ, ಏಳರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ 9 ಗಂಟೆ. ದೊಡ್ಡವರ ಗಂಟೆಗೆ ಮಿತಿಯೇ ಇಲ್ಲ. ಗಂಡಸರಿಗೆ 12 ಗಂಟೆಯ ಮಿತಿ ಬರಲು 1911ರವರೆಗೆ ಕಾಯಬೇಕಾಯಿತು, ಅದೂ ಬಟ್ಟೆ ಗಿರಣಿಯವರಿಗೆ ಮಾತ್ರ. ಕಾರ್ಮಿಕ ಸಂಘಗಳ ವಿಷಯ ಉಳಿಯಿತು, ಪ್ರಶ್ನೆ ಕೇಳಿದರೆ ಹೇಳುತ್ತೇನೆ. ನಮಸ್ಕಾರ.