ಪುಟ 32 ಆದಮೇಲೆ ಮತ್ತೆ 17

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇವತ್ತು ದಾವಣಗೆರೆಯ ನಮ್ಮ ಮನೆಯಿಂದಲೇ ಶುರು. ಅಲ್ಲಿ ಕಾಣುತ್ತಿದೆಯಲ್ಲ, ಆ ಹಸಿರು ಟ್ರಂಕು ನನ್ನ ತವರುಮನೆಯದು. ಒಳಗೆ ಏನಿದೆ ಅಂತ ನೀವೇ ನೋಡುತ್ತಿದ್ದೀರಿ. ಧೂಳು ಜಾಸ್ತಿ, ಪುಸ್ತಕ ಕಡಿಮೆ.

ಮಗಳಿಗೆ ಈಗ 7 ವರ್ಷ. ಓದುವ ಹುಚ್ಚು ಅಂದರೆ ಹುಚ್ಚು. ಶಾಂಪೂ ಬಾಟಲಿಯ ಹಿಂದೆ ಬರೆದದ್ದನ್ನೂ ಬಿಡುವುದಿಲ್ಲ. ಮಿರ್ಚಿ ಕಟ್ಟಿಕೊಟ್ಟ ಪೇಪರನ್ನು ಎಣ್ಣೆ ಸಮೇತ ಬಿಡಿಸಿ, ಅರ್ಧ ಹರಿದ ಸುದ್ದಿ ಓದಿ, ಉಳಿದರ್ಧ ಎಲ್ಲಿ ಅಂತ ನನ್ನನ್ನು ಕೇಳುತ್ತಾಳೆ. ಮಿರ್ಚಿ ಅಂಗಡಿಯವರನ್ನು ಕೇಳಬೇಕು ಅಷ್ಟೇ.

ಇದು ಚಂದಮಾಮ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದ ಪತ್ರಿಕೆ. ಈಗ ಬರುವುದಿಲ್ಲ. ಒಂದು ಕಟ್ಟು ಇತ್ತು, ಗೆದ್ದಲು ತಿಂದು ಉಳಿದದ್ದು ಇಷ್ಟು. ಬೇತಾಳನ ಕಥೆ ಓದಿ ಹೇಳುವಾಗ ನಾನು ದನಿ ಎಲ್ಲ ಬದಲಾಯಿಸಿ, ಲೈಟ್ ಆರಿಸಿ, ಏನೇನೋ ಮಾಡಿದೆ. ಅವಳು ಹೆದರಲೇ ಇಲ್ಲ. "ಅಮ್ಮ, ವಿಕ್ರಮ ಬಾಯಿ ಮುಚ್ಕೊಂಡಿದ್ರೆ ಮನೆಗೆ ಹೋಗ್ಬಹುದಿತ್ತಲ್ವಾ?" ಅಂದಳು. ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆದು ಹೋಗುತ್ತೆ ಕಣೇ ಅಂದೆ. "ಹಾಗಾದ್ರೆ ಕಿವಿಗೆ ಹತ್ತಿ ಇಟ್ಕೋಬೇಕಿತ್ತು" ಅಂತೆ. ಲೈಟ್ ಹಾಕಿದೆ.

ಆಮೇಲೆ ತುತ್ತೂರಿ. ಜಿ.ಪಿ. ರಾಜರತ್ನಂ ಅವರದು. ಕುಡುಕನ ಬಾಯಲ್ಲಿ ರತ್ನನ ಪದಗಳನ್ನು ಹಾಡಿಸಿದವರೇ ಮಕ್ಕಳಿಗೆ ಇದನ್ನೂ ಬರೆದದ್ದು. ನಮಗೆಲ್ಲ ಬಾಯಿಪಾಠ ಇದ್ದ ಪದ್ಯ, ಅಲ್ವಾ? ಕಸ್ತೂರಿಯ ತುತ್ತೂರಿ ನೀರಿಗೆ ಬಿತ್ತು, ಬಣ್ಣ ಹೋಯಿತು, ಜಂಬ ಇಳಿಯಿತು ಅಂತ ನಾವು ನಕ್ಕು ಮುಗಿಸಿದ್ದೆವು. ಇವಳು ನಗಲಿಲ್ಲ. ಒಣಗಿಸಿ ಆಯಿಲ್ ಪೇಂಟ್ ಹೊಡೆದರೆ ಸರಿಹೋಗುತ್ತೆ, ವಾಟರ್ ಕಲರ್ ಹೊಡೆದಿದ್ದೇ ತಪ್ಪು ಅಂದಳು. ಅವರ ಅಪ್ಪ ಗೇಟಿಗೆ ಬಣ್ಣ ಹೊಡೆದು ಒಂದು ತಿಂಗಳೂ ಆಗಿಲ್ಲ, ಅದರ ಪ್ರಭಾವ. ಗೇಟು ತೋರಿಸಲ್ಲ, ಅದು ಚೆನ್ನಾಗಿ ಬಂದಿಲ್ಲ.

ಈಗ ಮೇಜಿನ ಮೇಲಿರುವ ಪುಸ್ತಕ ನೋಡಿ. ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದೇನೆ, ಬೇಕಂತಲೇ. ಇದರದ್ದು ದೊಡ್ಡ ಕಥೆ.

ಮೂರು ಪುಸ್ತಕ ತರಿಸಿದೆ. ಮೂರೂ ಸೇರಿ 260 ರೂಪಾಯಿ, ಕೊರಿಯರ್‌ಗೆ 95. ಕನ್ನಡದ ಮಕ್ಕಳ ಪುಸ್ತಕದಲ್ಲಿ ಇದೊಂದು ಗೋಳು. ಪುಸ್ತಕ ಅಗ್ಗ, ಅದು ಮನೆಗೆ ಬರುವ ದಾರಿ ದುಬಾರಿ. ಇರಲಿ. ಪಾರ್ಸೆಲ್ ಬಂತು, ಇವಳು ಊಟ ಬಿಟ್ಟು ಕೂತಳು. ಅರ್ಧ ಗಂಟೆಗೆ ಎದ್ದು ಬಂದು, "ಅಮ್ಮ, ಈ ಹುಡುಗಿ ಮತ್ತೆ ಅದೇ ಮರ ಹತ್ತುತ್ತಿದ್ದಾಳೆ" ಅಂದಳು. ಹತ್ತಲಿ ಬಿಡೇ, ಇಷ್ಟ ಇರಬೇಕು ಅಂದೆ, ಅಡುಗೆಮನೆಯಿಂದಲೇ. "ಮತ್ತೆ ಅದೇ ಕೊಂಬೆಯಿಂದ ಬಿದ್ದಳು." ಆಗ ಹೋಗಿ ನೋಡಿದೆ. ಪುಟ 32 ಆದಮೇಲೆ ಮತ್ತೆ 17. ಅಲ್ಲಿಂದ ಮತ್ತೆ 32. ಆಮೇಲೆ ನೇರ 49!

ನಮ್ಮ ಮಾವ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡಿದವರು. ತಿರುವಿ ನೋಡಿ, "ಫಾರಂ ತಪ್ಪಿದೆ ಕಣಮ್ಮ" ಅಂದರು. ದೊಡ್ಡ ಹಾಳೆಯನ್ನು ಮಡಚಿದರೆ 16 ಪುಟ ಆಗುತ್ತದೆ, ಅದೇ ಒಂದು ಫಾರಂ. ಒಂದೊಂದನ್ನು ಸಾಲಾಗಿ ಎತ್ತಿ ಜೋಡಿಸುವಾಗ ಮೂರನೆಯದರ ಜಾಗದಲ್ಲಿ ಎರಡನೆಯದನ್ನೇ ಇನ್ನೊಮ್ಮೆ ಎತ್ತಿದ್ದಾರೆ. "ನಾವೂ ಮಾಡಿದ್ದೀವಿ, ಊಟದ ಟೈಮಲ್ಲಿ ಹೀಗಾಗ್ತಿತ್ತು" ಅಂದರು. ನನಗೆ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಉಳಿದರ್ಧ ಫೋನಿನಲ್ಲಿ ಏರಿತು.

"ಮೇಡಂ, ಪುಸ್ತಕ ಓಪನ್ ಮಾಡಿದ್ದೀರಾ?" ಅಂತ ಕೇಳಿದರು. ಓಪನ್ ಮಾಡದೆ ಪುಟ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ? "ಓಪನ್ ಮಾಡಿದ್ರೆ ರಿಟರ್ನ್ ಇಲ್ಲ ಮೇಡಂ." ಫೋಟೊ ಕಳಿಸಿ ಅಂದರು. ಇಲ್ಲದ ಪುಟದ ಫೋಟೊ ಹೇಗೆ ತೆಗೆಯಲಿ? 32, 17, 49 ಎಲ್ಲ ತೆಗೆದು ಕಳಿಸಿದೆ. ಮಾರನೆ ದಿನ ಇನ್ನೊಬ್ಬರು ಮಾತಾಡಿದರು. ಪುಸ್ತಕ ವಾಪಸ್ ಕಳಿಸಿ, ಬೇರೆ ಕೊಡುತ್ತೇವೆ, ಆದರೆ ಕಳಿಸುವ ಖರ್ಚು ನಿಮ್ಮದು. ಪುಸ್ತಕದ ಬೆಲೆ 90. ಹೋಗಿ ಬರುವ ಖರ್ಚು ಅದಕ್ಕಿಂತ ಜಾಸ್ತಿ. ನಮ್ಮ ಮನೆಯವರು, "ಬೇರೆ ಪುಸ್ತಕ ಕೊಂಡರೆ ಆಯ್ತಲ್ಲ" ಅಂದರು. ಅದು ಸರಿ. ಸರಿಯಾದ್ದರಿಂದಲೇ ಇನ್ನೂ ಸಿಟ್ಟು ಬಂತು. ಈಗ ಮೂರನೆಯವರು, ಆ 16 ಪುಟ ಮಾತ್ರ ಪೋಸ್ಟಿನಲ್ಲಿ ಕಳಿಸುತ್ತೇವೆ ಅಂದಿದ್ದಾರೆ. ಒಂಬತ್ತು ದಿನ ಆಯಿತು.

ಮಗಳು ಏನು ಮಾಡುತ್ತಿದ್ದಾಳೆ ಗೊತ್ತಾ? 49ರಿಂದ ಮುಂದೆ ಓದುವುದಿಲ್ಲ ಅಂತ ಹಟ. 32ರಲ್ಲಿ ನವಿಲುಗರಿ ಇಟ್ಟು ಮುಚ್ಚಿದ್ದಾಳೆ. ನಡುವಿನದನ್ನು ನಾನೇ ಹೇಳ್ತೀನಿ ಬಾ ಅಂದರೆ, "ನಿನಗೆ ಗೊತ್ತಿಲ್ಲ, ನೀನು ಕಟ್ಟಿ ಹೇಳ್ತೀಯ" ಅಂತಾಳೆ. ಅದೂ ನಿಜ.

ಹೋದ ವಿಡಿಯೊದಲ್ಲಿ, ಮಗುವಿಗೆ ಫೋನಿನಲ್ಲಿ ಕಥೆ ಓದಿಸುವುದೇ ಇಲ್ಲ ಅಂದಿದ್ದೆ. ಆ ಮಾತು ವಾಪಸ್. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, 2015ರಲ್ಲಿ ಶುರುವಾದದ್ದು, ಪುಕ್ಕಟೆ, ಕನ್ನಡದ ಕಥೆಗಳೂ ಇವೆ. ಅಲ್ಲಿ ಫಾರಂ ತಪ್ಪುವುದಿಲ್ಲ. ಆದರೆ ಒಂದು ಕಥೆ ಮುಗಿದ ಕೂಡಲೇ ಬೇರೆ ಏನೋ ಒತ್ತುತ್ತಾಳೆ, ಆಮೇಲೆ ಬೆಕ್ಕಿನ ವಿಡಿಯೊ. ಹಾಗಾಗಿ ಅರ್ಧ ವಾಪಸ್ ಅಂತ ಇಟ್ಟುಕೊಳ್ಳಿ.

ಇದು ಕುಂದವಾಡ ಕೆರೆ. ಗಾಳಿ ಶಬ್ದ ಜಾಸ್ತಿ ಬಂದಿದೆ, ಸಹಿಸಿಕೊಳ್ಳಿ. ಇಲ್ಲಿ ಕೂತು ಕಿಂದರಿಜೋಗಿ ಓದೋಣ ಅಂತ ಬಂದೆವು. ಅದು ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ ಕಥೆ, ಜರ್ಮನಿಯ ಹ್ಯಾಮೆಲಿನ್ ಊರಿನದು. ಕುವೆಂಪು ಅದನ್ನು ತಂದು ತುಂಗೆಯ ದಡದ ಬೊಮ್ಮನಹಳ್ಳಿ ಮಾಡಿಬಿಟ್ಟರು. ಬೇರೆ ಕಡೆಯ ಕಥೆ ಅಂತ ನನಗೆ ಗೊತ್ತಾಗಿದ್ದೇ ಕಾಲೇಜಿನಲ್ಲಿ. ನನ್ನ ಕೇಳಿದರೆ ಮಕ್ಕಳ ಪುಸ್ತಕಗಳಲ್ಲಿ ಇದೇ ಒಂದನೇ ನಂಬರ್. ಬೆಳಿಗ್ಗೆ ತುತ್ತೂರಿ ಅಂದಿದ್ದೆನಾ? ಇಲ್ಲ, ಇದೇ.

ಇಲಿಗಳು ಹೊಳೆ ಪಾಲಾದವಾ, ಇವಳು ಪುಸ್ತಕ ಮುಚ್ಚಿದಳು. "ಆಮೇಲೆ ಎಲ್ಲಿಗೆ ಹೋದವು?" ತುಂಗೆ ಕೂಡ್ಲಿಯಲ್ಲಿ ಭದ್ರೆ ಜೊತೆ ಸೇರುತ್ತೆ, ತುಂಗಭದ್ರೆ ಆಗುತ್ತೆ ಅಂದೆ. "ಆಮೇಲೆ?" ಹರಿಹರದ ಮೇಲೆ ಹಾದು ಹೋಗುತ್ತೆ. ಹೇಳಬಾರದಿತ್ತು. ನಮ್ಮಕ್ಕ ಇರುವುದು ಹರಿಹರದಲ್ಲಿ. "ದೊಡ್ಡಮ್ಮನ ಮನೇಲಿ ನಾನು ನೀರು ಕುಡಿಯಲ್ಲ" ಅಂದಳು. ಈ ಕೆರೆಗೆ ಬರುವುದು ಭದ್ರಾ ನಾಲೆ ನೀರು, ಇದರಲ್ಲಿ ಇಲಿ ಇರಲ್ಲ ಅಂತ ಸಮಾಧಾನ ಮಾಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಕ್ಯಾಮೆರಾ ಹಿಡಿದುಕೊಂಡೇ, "ನಮ್ಮೂರಿಗೂ ರಾಜನಹಳ್ಳಿಯಿಂದ ಹೊಳೆ ನೀರು ಬರುತ್ತಲ್ಲ" ಅಂದರು. ಶಾಟ್ ಅಲ್ಲಾಡಿದ್ದು ಕಾಣಿಸಿತಾ? ಅದು ನಾನು ಅವರ ಕೈಗೆ ಹೊಡೆದದ್ದು.

ಗೌಡ ಮಾತಿಗೆ ತಪ್ಪಿದ್ದು, ಜೋಗಿ ಮಕ್ಕಳನ್ನು ಕರೆದುಕೊಂಡು ಹೋದದ್ದು, ಯಾವುದೂ ಅವಳ ಕಿವಿಗೆ ಹೋಗಲಿಲ್ಲ. ಮನೆಗೆ ಬರುವವರೆಗೂ ಇಲಿಗಳದ್ದೇ ಲೆಕ್ಕ.

ಮನೆಗೆ ಬಂದದ್ದು ನೀವು ನೋಡಿದಿರಿ. ಮಂಡಕ್ಕಿ ಕಲಸಿದ್ದು ಸುಮ್ನೆ ಹಾಕಿದ್ದೇನೆ, ಅದಕ್ಕೆ ಹೇಳುವುದೇನಿಲ್ಲ. ಪೋಸ್ಟ್ ಇವತ್ತೂ ಬಂದಿಲ್ಲ. ನಾಳೆ ಮತ್ತೆ ಫೋನ್ ಮಾಡಬೇಕು, ನಾಲ್ಕನೆಯವರು ಯಾರು ಎತ್ತುತ್ತಾರೋ...

ಅಯ್ಯೋ, ನಲ್ಲಿ ಬಂತು! ಡ್ರಮ್ ತುಂಬಿಸಬೇಕು, ಆಮೇಲೆ ಯಾವಾಗ ಬಿಡ್ತಾರೋ ಏನೋ. ಕ್ಯಾಮೆರಾ ಇಲ್ಲೇ ಇಟ್ಟು ಹೋಗುತ್ತಿದ್ದೇನೆ. ನೋಡಿ, ನನಗಿಂತ ಮೊದಲು ಓಡಿದಳು. ಕೈಯಲ್ಲಿ ಟಾರ್ಚ್ ಬೇರೆ. ಬಗ್ಗಬೇಡ ಕಣೇ, ಡ್ರಮ್ಮಿನೊಳಗೆ ಬಿದ್ದೀಯ!